ಹಡಗಿನ ಕಥೆಗೇ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುಟದಲ್ಲಿ ರಾಬರ್ಟ್ ಸ್ಮಾಲ್ಸ್ ಬಗ್ಗೆ ಬಂದ ಬರಹ ತುಂಬಾ ಇಷ್ಟವಾಯಿತು. ಮೊಮ್ಮಗಳಿಗೆ ಎರಡು ಸಲ ಓದಿ ಹೇಳಿದೆ. ಅಮೆರಿಕದ ಅಂತರ್ಯುದ್ಧದ ಹೊತ್ತು, 1862ರ ಮೇ 13ರ ನಸುಕು. ಗುಲಾಮಗಿರಿ ಉಳಿಸಿಕೊಳ್ಳಲು ಕಾದಾಡುತ್ತಿದ್ದ ದಕ್ಷಿಣದವರ ಹಡಗಿನ ಬಿಳಿಯ ಅಧಿಕಾರಿಗಳು ರಾತ್ರಿ ಊರೊಳಗೆ ಉಳಿದಿದ್ದಾಗ, ಚುಕ್ಕಾಣಿ ಹಿಡಿಯುತ್ತಿದ್ದ 23 ವರ್ಷದ ಗುಲಾಮ ಸ್ಮಾಲ್ಸ್, ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೇರಿಸಿ, ಹೆಂಡತಿ ಮಕ್ಕಳನ್ನೂ ಜೊತೆಯವರನ್ನೂ ಹತ್ತಿಸಿಕೊಂಡು, ಸಮ್ಟರ್ ಕೋಟೆಯ ಫಿರಂಗಿಗಳ ಎದುರೇ ದಾಟಿಹೋಗಲು ಊದಬೇಕಾದ ಗುರುತಿನ ಸಿಳ್ಳೆ ಊದಿ 'ಪ್ಲಾಂಟರ್' ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ದಾಟಿಸಿ ಉತ್ತರದವರ ನೌಕಾಪಡೆಗೆ ಒಪ್ಪಿಸಿಬಿಟ್ಟರು. "ಆಮೇಲೆ ಏನಾಯ್ತು ಅಜ್ಜಿ?" ಅಂದಳು. ನಿಮ್ಮ ಬರಹ ಅಲ್ಲಿಗೇ ಮುಗಿದಿತ್ತು. ಅದಕ್ಕೇ ಈ ಪತ್ರ.

ಹಡಗು ದಾಟಿಸಿದ್ದು ಒಂದು ರಾತ್ರಿಯ ಕೆಲಸ. ಆಮೇಲಿನದು ಇಡೀ ಬದುಕಿನ ಕೆಲಸ. ಅವರು ಸುಮ್ನೆ ಕೂರಲಿಲ್ಲ, ಅದೇ ಹಡಗಿನಲ್ಲಿ ಯುದ್ಧಕ್ಕೆ ಮರಳಿದರು, 1863ರ ಕೊನೆಗೆ ಅದರ ಕ್ಯಾಪ್ಟನ್ನೇ ಆದರು. ತಾಯಿ ಯಾರ ಮನೆಯಲ್ಲಿ ಗುಲಾಮಳಾಗಿದ್ದಳೋ, ಹುಟ್ಟೂರು ಬ್ಯೂಫರ್ಟಿನ ಆ ಮನೆಯನ್ನೇ ತೆರಿಗೆ ಬಾಕಿಗಾಗಿ ನಡೆದ ಹರಾಜಿನಲ್ಲಿ ಕೊಂಡುಕೊಂಡರು!

ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ನಾಟಿದ್ದು ಅಕ್ಷರದ ವಿಷಯ. ನಾನು ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿದವಳು, ಹಾಗಾಗಿ ಇರಬಹುದು. ಅವರ ರಾಜ್ಯವಾದ ಸೌತ್ ಕೆರೊಲಿನಾದಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಅಪರಾಧ, 1834ರಲ್ಲಿ ಕಾನೂನೇ ಮಾಡಿದ್ದರು. ಹಡಗು ನಡೆಸಲು ಬಲ್ಲ ಸ್ಮಾಲ್ಸ್‌ಗೆ ಓದಲು ಬರುತ್ತಿರಲಿಲ್ಲ, ದೊಡ್ಡವರಾದ ಮೇಲೆ ಕಲಿತರು. ಅಂಥವರು, ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1868ರಲ್ಲಿ ರಾಜ್ಯದ ಸಂವಿಧಾನ ಬರೆಯುವ ಸಭೆಯಲ್ಲಿ ಕೂತು, ಎಲ್ಲ ಮಕ್ಕಳಿಗೂ ಉಚಿತ ಸರ್ಕಾರಿ ಶಾಲೆ ಬೇಕು ಅಂತ ಪಟ್ಟು ಹಿಡಿದರು. ಅದು ಸಂವಿಧಾನಕ್ಕೆ ಸೇರಿತು. ಅದೇ ವರ್ಷ ರಾಜ್ಯದ ಕೆಳಮನೆಗೆ, 1870ರಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಹೋದರು. ಆಮೇಲೆ ವಾಷಿಂಗ್ಟನ್ನಿನ ಸಂಸತ್ತಿಗೂ ಆರಿಸಿ ಬಂದರು.

ಮುಂದಿನ ವರ್ಷಗಳು ಕಷ್ಟದವು. 1877ರಲ್ಲಿ ಲಂಚದ ಕೇಸು ಹಾಕಿ ಶಿಕ್ಷೆ ಕೊಡಿಸಿದರು, ಎರಡು ವರ್ಷದ ಮೇಲೆ ಗವರ್ನರ್ ಕ್ಷಮಾದಾನ ಕೊಟ್ಟರು. 1895ರಲ್ಲಿ ರಾಜ್ಯದ ಬಿಳಿಯ ನಾಯಕರು ಕಪ್ಪು ಜನರ ಮತದ ಹಕ್ಕು ಕಿತ್ತುಕೊಳ್ಳಲೆಂದೇ ಹೊಸ ಸಂವಿಧಾನ ಬರೆಯಲು ಕೂತರು. ಮತ ಹಾಕಬೇಕಾದರೆ ಓದಲು ಬರಬೇಕು, ಇಲ್ಲವೇ 300 ಡಾಲರ್ ಆಸ್ತಿ ಇರಬೇಕು ಅಂತ ನಿಯಮ. ಯಾರಿಗೆ ಅಕ್ಷರ ಕಲಿಸಿದರೆ ಅಪರಾಧ ಅನ್ನುತ್ತಿದ್ದರೋ ಅವರನ್ನೇ ಈಗ ಓದಿ ತೋರಿಸು ಅನ್ನುವುದು, ಎಂಥಾ ಅನ್ಯಾಯ ಅಲ್ವಾ? ಆ ಸಭೆಯಲ್ಲಿ ಕಪ್ಪು ಸದಸ್ಯರು ಆರೇ ಜನ. ಸ್ಮಾಲ್ಸ್ ಎದ್ದು ನಿಂತು, ನಮ್ಮ ಜನರಿಗೆ ಬೇಕಾಗಿರುವುದು ಸಮಾನ ಅವಕಾಶ ಒಂದೇ ಅಂದರು. ಸಂವಿಧಾನಕ್ಕೆ ಸಹಿ ಹಾಕಲಿಲ್ಲ.

1915ರಲ್ಲಿ ಬ್ಯೂಫರ್ಟಿನಲ್ಲೇ ತೀರಿಕೊಂಡರು. ಇದನ್ನೆಲ್ಲ ಮೊಮ್ಮಗಳಿಗೆ ನಾನೇ ಹೇಳಿದೆ. ನಿಮ್ಮ ಪುಟ ಓದುವ ಉಳಿದ ಮಕ್ಕಳಿಗೂ ಎರಡನೇ ಭಾಗವಾಗಿ ಹಾಕಿ, ಶಾಲೆಯ ವಿಷಯಕ್ಕೆ ಹಡಗಿನಷ್ಟೇ ಜಾಗ ಕೊಡಿ.

— ನಿವೃತ್ತ ಶಿಕ್ಷಕಿ, ಹಾಸನ