ಚುಕ್ಕೆಗೆರೆ ಎಳೆದವರು ಯಾರು?

ಸಂಪಾದಕರೇ,

ಜೀವರಸಾಯನ ಪ್ರಾಕ್ಟಿಕಲ್‌ಗಳಲ್ಲಿ ಅಣುಚಿತ್ರ ಕೊಟ್ಟು ‘ಹೈಡ್ರೋಜನ್ ಬಂಧಗಳನ್ನು ಎಣಿಸಿ’ ಎಂದು ಕೇಳುವುದು ಅರ್ಧ ಪ್ರಶ್ನೆ. ಹೈಡ್ರೋಜನ್ ಮೂಲಕ ಪರಮಾಣುಗಳನ್ನು ಸೆಳೆದಿಡುವ ಈ ದುರ್ಬಲ ಬಂಧಗಳನ್ನು ತೋರಿಸುವ ಚುಕ್ಕೆಗೆರೆಗಳಲ್ಲಿ ತಂತ್ರಾಂಶ ಲೆಕ್ಕ ಹಾಕಿದ್ದು ಯಾವುದು, ವಿದ್ಯಾರ್ಥಿ ಕೈಯಾರೆ ಸೇರಿಸಿದ್ದು ಯಾವುದು ಎಂಬುದು ಚಿತ್ರ ನೋಡಿದರೆ ತಿಳಿಯದು.

ಎಕ್ಸ್-ಕಿರಣದಿಂದ ಪಡೆದ ಬಹುತೇಕ ರಚನೆಗಳ ಕಡತದಲ್ಲಿ ಹೈಡ್ರೋಜನ್ ಪರಮಾಣುಗಳೇ ಇರುವುದಿಲ್ಲ. ಸಾರಜನಕ, ಆಮ್ಲಜನಕಗಳ ಅಂತರ ಮತ್ತು ಕೋನ ನೋಡಿ ಬಂಧ ಎಲ್ಲಿದೆಯೆಂದು ಪೈಮೋಲ್ ಎಂಬ ಅಣುಚಿತ್ರ ತಂತ್ರಾಂಶ ಊಹಿಸುತ್ತದೆ. ಕೋನ ನೆಟ್ಟಗಿದ್ದರೆ 3.6 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ತನಕ ಒಪ್ಪುತ್ತದೆ, ಓರೆಯಾದರೆ 3.2ಕ್ಕೆ ಇಳಿಯುತ್ತದೆ. ವಿಎಂಡಿ ಎಂಬ ಇನ್ನೊಂದು ತಂತ್ರಾಂಶದ ಮೂಲ ಮಿತಿ 3.0 ಆಂಗ್‌ಸ್ಟ್ರಾಂ ಮತ್ತು 20 ಡಿಗ್ರಿ, ಕಡತದಲ್ಲಿ ಹೈಡ್ರೋಜನ್ ಇಲ್ಲದಿದ್ದರೆ ಒಂದು ಗೆರೆಯೂ ಮೂಡದು. ಹೀಗಿರುವಾಗ ಒಂದೇ ‘ಸರಿಯುತ್ತರ’ ಎಲ್ಲಿಂದ ಬರಬೇಕು?

ಪರೀಕ್ಷಿಸಲು 1ಬಿಎನ್‌ಎ ಎಂಬ ಡಿಎನ್‌ಎ ಕಡತ ಒಳ್ಳೆಯದು. ಅದರ ಎ, ಬಿ ಎಂಬ ಎರಡು ಸರಪಳಿಗಳ ನಡುವೆ 12 ಬೇಸ್ ಜೋಡಿ: ಜಿ-ಸಿ 8, ಎ-ಟಿ 4. ಪ್ರತಿ ಜಿ-ಸಿಗೆ ಮೂರು, ಎ-ಟಿಗೆ ಎರಡರಂತೆ ಒಟ್ಟು 32 ಬಂಧ. ಮೊದಲು 80 ನೀರಿನ ಅಣುಗಳನ್ನು ತೆಗೆಯಿರಿ; ಅವಕ್ಕೂ ಎ, ಬಿ ಸರಪಳಿಯ ಹೆಸರೇ ಇರುವುದರಿಂದ ನೀರಿಗೆ ಹೋಗುವ ಗೆರೆಗಳೂ ಸೇರಿಬಿಡುತ್ತವೆ. ನಂತರ ಪೈಮೋಲ್‌ನ ಡಿಸ್ಟೆನ್ಸ್ ಆಜ್ಞೆಯನ್ನು ಎರಡು ಸರಪಳಿಗಳ ನಡುವೆ, ಹೈಡ್ರೋಜನ್ ಬಂಧದಂಥ ಸಂಪರ್ಕಗಳನ್ನಷ್ಟೇ ಹುಡುಕುವ ‘ಮೋಡ್ 2’ ಎಂದು ಕೊಡಿ. ಆಗಲೂ 32 ದಾಟಿದರೆ ನಡುವಿನ ಎ-ಟಿ ಭಾಗ ನೋಡಿ. ಅಲ್ಲಿನ ಜೋಡಿಗಳು ಫ್ಯಾನಿನ ರೆಕ್ಕೆಯಂತೆ ತಿರುಚಿಕೊಂಡಿರುವುದರಿಂದ ಪಕ್ಕದ ಜೋಡಿಯ ಪರಮಾಣು ಹತ್ತಿರ ಬಂದು ಅದಕ್ಕೂ ಗೆರೆ ಬಿದ್ದಿರುತ್ತದೆ.

ಕೈಯಾರೆ ಗೆರೆ ಹಾಕುವುದು ತಪ್ಪೇನಲ್ಲ. ಪ್ರೋಟೀನಿನ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಲ್ಲಿ ಹೈಡ್ರೋಜನ್ ಯಾವ ಸಾರಜನಕಕ್ಕೆ ಅಂಟಿದೆಯೆಂದು ಕಡತ ಹೇಳದಿದ್ದಾಗ ತಿಳಿದವರೇ ತೀರ್ಮಾನಿಸಬೇಕು. ಆದರೆ ಅದಕ್ಕೆ ಬೇರೆ ಹೆಸರು, ಬೇರೆ ಬಣ್ಣ ಇರಲಿ. ಪೈಮೋಲ್‌ನಲ್ಲಿ ಅದೇ ಹೆಸರು ಕೊಟ್ಟರೆ ಹೊಸ ಗೆರೆ ಹಳೆಯದರೊಳಗೆ ಬೆರೆಯುತ್ತದೆ, ಅಳಿಸಹೊರಟರೆ ಎರಡೂ ಹೋಗುತ್ತವೆ. ಕೈಮೆರಾ-ಎಕ್ಸ್ ಎಂಬ ಮತ್ತೊಂದು ತಂತ್ರಾಂಶದಲ್ಲಿ ಬಂಧ ಹುಡುಕುವ ಆಜ್ಞೆಯನ್ನು ಮತ್ತೆ ಕೊಟ್ಟರೆ, ಬೇಡವೆಂದು ಹೇಳದ ಹೊರತು ಹಿಂದಿನವು ಅಳಿಯುತ್ತವೆ.

ಮುಖ್ಯವಾಗಿ ಪರಮಾಣುಗಳ ಸ್ಥಾನ ಬರೆದಿಡುವ ಪಿಡಿಬಿ ಕಡತವಾಗಿ ಉಳಿಸಿದರೆ ಈ ಗೆರೆಗಳು ಉಳಿಯುವುದಿಲ್ಲ. ಕೆಲಸವನ್ನು ಇದ್ದಂತೆಯೇ ಉಳಿಸುವ ಸೆಷನ್ ಕಡತವೇ ಬೇಕು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟು ಹೋಗುವುದು ಮಾಮೂಲು; ಸೆಷನ್ ಉಳಿಸಿರದಿದ್ದರೆ ಗೆರೆಗಳೆಲ್ಲ ಹೋಗುತ್ತವೆ. ಸ್ವಯಂಚಾಲಿತ ಗೆರೆಗಳನ್ನು ಒಂದೇ ಆಜ್ಞೆಯಲ್ಲಿ ಮರಳಿ ತರಬಹುದು, ಕೈಯಾರೆ ಹಾಕಿದವನ್ನು ಒಂದೊಂದಾಗಿ ಮತ್ತೆ ಹಾಕಬೇಕು.

ಪ್ರಶ್ನೆಪತ್ರಿಕೆ ರೂಪಿಸುವವರು ತಂತ್ರಾಂಶದ ಹೆಸರು, ಅಂತರ, ಕೋನ ಮೂರನ್ನೂ ಮುದ್ರಿಸಲಿ. ರೆಕಾರ್ಡಿನಲ್ಲಿ ಚಿತ್ರದ ಕೆಳಗೆ ಕೈಯಾರೆ ಸೇರಿಸಿದ ಗೆರೆಗಳ ಸಂಖ್ಯೆ ಬರೆಯುವುದು ಕಡ್ಡಾಯವಾಗಲಿ.

– ಜೀವರಸಾಯನ ಬೋಧಕರು, ಶಿವಮೊಗ್ಗ