ಬಿಡುವಿನ ಸೈಕಲ್ ಸವಾರಿಗೂ ಪುರವಣಿಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಸೈಕಲ್ ಸವಾರಿಯ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾರ್ಬನ್ ಫ್ರೇಮು, ಎದೆಬಡಿತ ಎಣಿಸುವ ಕೈಗಡಿಯಾರ, ಹದಿಮೂರೂವರೆ ಗಂಟೆಯೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿ, ಎಲ್ಲದರ ವಿವರವೂ ಚೊಕ್ಕವಾಗಿತ್ತು. ಆ ಸಾಧಕರ ಬಗ್ಗೆ ನನಗೆ ಗೌರವವಿದೆ. ಆದರೆ ಲೇಖನವನ್ನು ಓದಿ ಮುಗಿಸಿದ ಸಾಮಾನ್ಯ ಗೃಹಸ್ಥನಿಗೆ ಸೈಕಲ್ ಎನ್ನುವುದು ತನ್ನ ವಯಸ್ಸಿಗೂ ಜೇಬಿಗೂ ನಿಲುಕದ ವಸ್ತು ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಎಲ್ಲಿಗೂ ಬೇಗ ತಲುಪಬೇಕಾಗಿಲ್ಲದೆ, ಯಾರನ್ನೂ ಹಿಂದೆ ಹಾಕಬೇಕಾಗಿಲ್ಲದೆ, ಹಳ್ಳಿಯ ದಾರಿಯಲ್ಲಿ ಸಾವಕಾಶವಾಗಿ ಪೆಡಲ್ ತುಳಿಯುತ್ತ ಹೋಗುವ ಸುಖದ ಕುರಿತು ಅದರಲ್ಲಿ ಒಂದು ಸಾಲೂ ಇರಲಿಲ್ಲವಾದ್ದರಿಂದ, ಗೋವೆಯಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಗೋವೆಯೆಂದರೆ ಕಡಲತೀರವೆಂದು ತಿಳಿದು ಬರುವವರು ಮಾಂಡವಿ ನದಿಯ ನಡುವಿನ ದಿವಾಡಿ ಮತ್ತು ಚೋಡಣ ದ್ವೀಪಗಳತ್ತ ಹಾಯುವುದು ಅಪರೂಪ. ಪಣಜಿಯಲ್ಲಿರುವ ನಮ್ಮವರಲ್ಲೂ ಅಲ್ಲಿಗೆ ಹೋಗಿ ಬಂದವರು ಕಡಿಮೆಯೇ. ಹಳೆ ಗೋವೆಯ ವೈಸರಾಯ್ ಕಮಾನಿನ ಕೆಳಗೆ ಹಾದು ನದಿಯ ಕಡೆಗೆ ಇಳಿದರೆ ಫೆರಿಯ ಧಕ್ಕೆ ಸಿಗುತ್ತದೆ. ನಡೆದು ಬಂದವರಿಂದಾಗಲೀ ಸೈಕಲ್ ತಳ್ಳಿಕೊಂಡು ಬಂದವರಿಂದಾಗಲೀ ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ಕೆಲವೇ ನಿಮಿಷಗಳಲ್ಲಿ ದಿವಾಡಿಯ ದಡ ಬರುತ್ತದೆ. ಅಲ್ಲಿಂದ ಪಿಯೆದಾದ್ ಗುಡ್ಡದ ಬುಡದವರೆಗೆ ರಸ್ತೆ ಗದ್ದೆಗಳ ನಡುವೆ ಏರಿಳಿತವಿಲ್ಲದೆ ಸಾಗುತ್ತದೆ. ಗೇರಿಲ್ಲದ ಹಳೆಯ ಸೈಕಲ್ಲಿಗೂ, ಮಂಡಿ ನೋವಿರುವ ಸವಾರನಿಗೂ ಇಂಥ ದಾರಿಯಿಂದ ತೊಂದರೆಯಿಲ್ಲ.

ಈ ಗದ್ದೆಗಳು ಸಾಮಾನ್ಯ ಗದ್ದೆಗಳಲ್ಲ. ಉಬ್ಬರದ ಉಪ್ಪುನೀರನ್ನು ಮಣ್ಣಿನ ಒಡ್ಡುಗಳಿಂದ ತಡೆದು ಸಾಗುವಳಿಗೆ ಒಗ್ಗಿಸಿದ ಈ ಭೂಮಿಗೆ ಇಲ್ಲಿ ಖಾಜನ್ ಎನ್ನುತ್ತಾರೆ. ಅಘನಾಶಿನಿಯ ಗಜನಿ ಬಯಲನ್ನು ಕಂಡ ಉತ್ತರ ಕನ್ನಡದವರಿಗೆ ಇದು ಹೊಸತೆನ್ನಿಸದು. ಒಡ್ಡಿನ ನಡುವೆ ಅಲ್ಲಲ್ಲಿ ಮಾನಸ್ ಎಂಬ ತೂಬುಗಳಿದ್ದು, ನದಿಯಲ್ಲಿ ನೀರು ಏರಿದಾಗ ಅದರ ಮರದ ಕದಗಳು ನೀರಿನ ಒತ್ತಡದಿಂದಲೇ ಮುಚ್ಚಿಕೊಳ್ಳುತ್ತವೆ, ಇಳಿತದ ಹೊತ್ತಿನಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಇಲ್ಲಿ ಉಪ್ಪು ತಾಳಿಕೊಳ್ಳುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಸಿಗಡಿ, ಮೀನು ಹಿಡಿಯುತ್ತಾರೆ. ಕಾರಿನಲ್ಲಿ ಹೋಗುವವರಿಗೆ ಇದು ಹಸಿರು ಬಯಲಾಗಿಯಷ್ಟೇ ಕಾಣುತ್ತದೆ. ಸೈಕಲ್ಲಿನಲ್ಲಿ ಹೋಗುವವನು ತೂಬಿನ ಬಳಿ ಒಂದು ಕಾಲನ್ನು ನೆಲಕ್ಕೂರಿ ನಿಂತು, ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಿ, ಬಲೆ ಹಾಕಿ ಕುಳಿತವರೊಡನೆ ಅರೆಬರೆ ಕೊಂಕಣಿಯಲ್ಲಿ ನಾಲ್ಕು ಮಾತಾಡಿ ಮುಂದಕ್ಕೆ ಹೋಗಬಹುದು.

ವೇಗದ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ. ಜೋರಾಗಿ ತುಳಿದಾಗ ಗಾಳಿ ಕಿವಿಯಲ್ಲಿ ಮೊರೆಯತೊಡಗಿ ಉಳಿದೆಲ್ಲ ಸದ್ದುಗಳೂ ಮುಚ್ಚಿಹೋಗುತ್ತವೆ. ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ಆಸುಪಾಸಿನಲ್ಲಿದ್ದರೆ ಕಿವಿ ತೆರೆದಿರುತ್ತದೆ. ಮಿಂಚುಳ್ಳಿಯ ಕೂಗು, ಒಣಗಿದ ಎಲೆ ಚಕ್ರದಡಿ ಪುಡಿಯಾಗುವ ಸದ್ದು, ಬೆಳಗಿನ ಹೊತ್ತು ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಪಾವ್, ಪೊಯಿ ಎಂಬ ಬ್ರೆಡ್ಡುಗಳನ್ನು ಮಾರುತ್ತ ಬರುವ ಪೊದೇರನ ರಬ್ಬರ್ ಹಾರ್ನು, ಎಲ್ಲವೂ ಕೇಳಿಸುತ್ತವೆ. ಜೊತೆಗಿರುವವರೊಡನೆ ಏದುಸಿರಿಲ್ಲದೆ ಇಡೀ ವಾಕ್ಯವನ್ನು ಆಡಿ ಮುಗಿಸಲು ಸಾಧ್ಯವಾದರೆ ಅದೇ ಹಿತವಾದ ವೇಗ. ಅದನ್ನು ತಿಳಿಯಲು ಉಪಕರಣ ಬೇಕಾಗಿಲ್ಲ. (ಕಿವಿಗೆ ಇಯರ್‌ಫೋನು ತುರುಕಿಕೊಂಡು ಇಂಥ ದಾರಿಗೆ ಬರುವವರ ಬಗ್ಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ.) ಪಿಯೆದಾದ್ ಚರ್ಚಿನ ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಮೇಲೆ ನಿಂತರೆ ಮಾಂಡವಿಯೂ ಅದರಾಚೆಯ ಹಳೆ ಗೋವೆಯ ಚರ್ಚುಗಳೂ ಒಟ್ಟಿಗೇ ಕಾಣುತ್ತವೆ.

ಕನ್ನಡಿಗರಿಗೆ ಈ ದ್ವೀಪ ಪರಕೀಯವೂ ಅಲ್ಲ. ಬನವಾಸಿ ಪುರವರಾಧೀಶ್ವರರೆಂದು ಕರೆದುಕೊಂಡು ಕನ್ನಡದಲ್ಲಿ ಶಾಸನಗಳನ್ನು ಬರೆಸಿದ ಗೋವೆಯ ಕದಂಬರ ಆರಾಧ್ಯದೈವ ಸಪ್ತಕೋಟೀಶ್ವರನ ಮೂಲ ದೇವಾಲಯವಿದ್ದದ್ದು ದಿವಾಡಿಯಲ್ಲೇ. ಪೋರ್ಚುಗೀಸರ ಕಾಲದಲ್ಲಿ ಅದು ನಾಶವಾಯಿತು. ಕೋಟಿತೀರ್ಥವೆಂಬ ಕೊಳದ ಜಾಗ ಇಂದಿಗೂ ಇದೆ. ದ್ವೀಪದ ಇನ್ನೊಂದು ತುದಿಯಿಂದ ಮತ್ತೊಂದು ಫೆರಿಯಲ್ಲಿ ದಾಟಿದರೆ ಡಿಚೋಲಿ ತಾಲೂಕಿನ ನಾರ್ವೆಯಲ್ಲಿ, 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದ ದೇವಾಲಯದಲ್ಲಿ, ಅದೇ ಸಪ್ತಕೋಟೀಶ್ವರನ ದರ್ಶನವಾಗುತ್ತದೆ. ಇಷ್ಟನ್ನೂ ಒಂದು ಮುಂಜಾನೆಯಲ್ಲಿ ನೋಡಿ ಊಟದ ಹೊತ್ತಿಗೆ ಮನೆ ಸೇರಬಹುದು. ಪಕ್ಷಿಗಳಲ್ಲಿ ಆಸಕ್ತಿಯುಳ್ಳವರು ರಾಯಬಂದರದಿಂದ ಚೋಡಣಕ್ಕೆ ದಾಟಿದರೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ 1988ರಲ್ಲಿ ಘೋಷಿತವಾದ ಸಲೀಂ ಅಲಿ ಪಕ್ಷಿಧಾಮ ಧಕ್ಕೆಯ ಪಕ್ಕದಲ್ಲೇ ಇದೆ.

ಖರ್ಚಿನ ಮಾತು ಹೆಚ್ಚಿಲ್ಲ. ಮನೆಯ ಮೂಲೆಯಲ್ಲಿ ಧೂಳು ಹಿಡಿದಿರುವ ಸೈಕಲ್ಲೇ ಸಾಕು. ಪೆಡಲ್ ಕೆಳಕ್ಕೆ ಹೋದಾಗ ಮೊಣಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಎತ್ತರಕ್ಕೆ ಸೀಟನ್ನು ಏರಿಸಿಕೊಂಡರೆ ಅರ್ಧ ಆಯಾಸ ತಪ್ಪುತ್ತದೆ. ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುವುದರಿಂದ ಆಗಾಗ ಒರೆಸಿ ಎಣ್ಣೆ ಬಿಡಬೇಕು. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದ ಸೊಬಗೇ ಬೇರೆಯಾದರೂ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಕಟ್ಟುವುದರಿಂದ ತಿರುವುಗಳಲ್ಲಿ ಜಾರುವ ಭಯವಿದೆ.

ಇಂಥ ದಾರಿಗಳ ನೆಮ್ಮದಿಗೆ ಮುಖ್ಯ ಕಾರಣ ಅವುಗಳ ಇಕ್ಕಟ್ಟು. ಎದುರು ಬರುವ ವಾಹನಕ್ಕೆ ದಾರಿ ಬಿಡಲು ಕಾರಿನವರು ತಾವಾಗಿಯೇ ವೇಗ ತಗ್ಗಿಸುತ್ತಾರೆ. ಅಗಲವಾದ ಡಾಂಬರು ರಸ್ತೆಯ ಅಂಚಿನಲ್ಲಿ ಬಣ್ಣ ಬಳಿದ ಸೈಕಲ್ ಪಥಕ್ಕಿಂತ ಈ ಇಕ್ಕಟ್ಟೇ ಸವಾರನಿಗೆ ಹೆಚ್ಚಿನ ರಕ್ಷಣೆ ಎಂಬುದು ನನ್ನ ಅನುಭವ. ದ್ವೀಪಕ್ಕೆ ಸೇತುವೆ ಬೇಕೇ ಬೇಡವೇ ಎಂಬುದನ್ನು ಅಲ್ಲಿಯ ನಿವಾಸಿಗಳೇ ತೀರ್ಮಾನಿಸಬೇಕು. ರಾತ್ರಿ ಹೊತ್ತು ಆಸ್ಪತ್ರೆಗೆ ಓಡಬೇಕಾದವರ ಕಷ್ಟ ವಿಹಾರಕ್ಕೆ ಹೋಗುವವನಿಗೆ ತಿಳಿಯದು. ಆದರೆ ಪ್ರವಾಸೋದ್ಯಮದ ಹೆಸರಿನಲ್ಲಿ ಗದ್ದೆಯ ನಡುವಿನ ರಸ್ತೆಗಳನ್ನು ಅಗಲಗೊಳಿಸುವ ಮಾತು ಎಲ್ಲಿ ಬಂದರೂ ಅದನ್ನು ಪ್ರಶ್ನಿಸಬೇಕಾಗುತ್ತದೆ.

ಮುಂದಿನ ಸಲ ಪುರವಣಿಯಲ್ಲಿ ಸೈಕಲ್ಲಿಗೆ ಪುಟ ಮೀಸಲಿಡುವಾಗ, ಮಾದರಿಗಳ ಬೆಲೆಪಟ್ಟಿಯ ಬದಲು ಗೋವೆ, ಪುಣೆ, ಮುಂಬಯಿ ಸುತ್ತಲಿನ ಇಂಥ ಒಂದೆರಡು ದಾರಿಗಳ ನಕ್ಷೆಯನ್ನು, ಏರು ಎಲ್ಲಿದೆ, ಫೆರಿಯ ವೇಳೆ ಯಾವುದು, ಚಹಾ ಮತ್ತು ಪಂಕ್ಚರ್ ಅಂಗಡಿ ಎಲ್ಲಿ ಸಿಗುತ್ತವೆ ಎಂಬ ವಿವರಗಳೊಡನೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಪಣಜಿ