ಕಿತ್ಕೊಳ್ಳುವ ಕೈ, ಕೊಡುವ ಕೈ

ಲೀಡ್ಸ್, ಇಂಗ್ಲೆಂಡ್
16 ನವೆಂಬರ್ 2025

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಿದರೆ ಅಪ್ಪಯ್ಯ ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಈ ಕಾಗದ. ಹೊಸ ಕನ್ನಡಕ ಹಾಕಿಕೊಂಡು ನೀನೇ ಓದು.

ಹೋದ ವಾರ ನೀನು ಗೃಹಲಕ್ಷ್ಮಿ ದುಡ್ಡು ಇನ್ನೂ ಬಂದಿಲ್ಲ ಅಂದಾಗ, "ಬಿಟ್ಟಿ ದುಡ್ಡಿಗೆ ಯಾಕಮ್ಮ ಅಷ್ಟು ಚಿಂತೆ, ನಾನು ಕಳಿಸ್ತೀನಲ್ಲ" ಅಂದುಬಿಟ್ಟೆ. ನೀನು ಮಾತು ಬದಲಿಸಿ ಮಳೆ ಬಗ್ಗೆ ಹೇಳಿದೆ. ಫೋನ್ ಇಟ್ಟ ಮೇಲೆ ಯಾಕೋ ಸರಿಯೆನಿಸಲಿಲ್ಲ.

ಇಲ್ಲಿ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಚಳಿಗೆ ಮನೆ ಬೆಚ್ಚಗಿಟ್ಟುಕೊಳ್ಳಲಿ ಅಂತ ಇಲ್ಲಿನ ಸರ್ಕಾರ ವಯಸ್ಸಾದವರಿಗೆ ವರ್ಷಕ್ಕೊಮ್ಮೆ 200 ಪೌಂಡ್ ಕೊಡುತ್ತದೆ, 80 ದಾಟಿದವರಿಗೆ 300. 2024ರಲ್ಲಿ ಖಜಾನೆ ಖಾಲಿ ಅಂತ ತೀರಾ ಬಡವರಿಗೆ ಮಾತ್ರ ಉಳಿಸಿ, ಮಿಕ್ಕವರಿಗೆ ನಿಲ್ಲಿಸಿದರು. ಅಜ್ಜಿಯ ಪಿಂಚಣಿ ಮಿತಿಗಿಂತ ಒಂಚೂರು ಜಾಸ್ತಿ. ಆ ಚಳಿಗಾಲ ಪೂರ್ತಿ ಸಂಜೆ ಏಳಕ್ಕೇ ಹೀಟರ್ ಆರಿಸಿ, ಕೋಟು ಹಾಕಿಕೊಂಡು, ಬಿಸಿನೀರಿನ ರಬ್ಬರ್ ಚೀಲ ಹೊಟ್ಟೆಗೆ ಅವುಚಿಕೊಂಡು ಟಿವಿ ನೋಡುತ್ತಿದ್ದರು. ಲಂಡನ್ನಿನಲ್ಲಿ ಮಗ ಇದ್ದಾನೆ, ಕೇಳಿದ್ದರೆ ಕೊಡುತ್ತಿದ್ದ. ಅವರು ಕೇಳಲಿಲ್ಲ. ಜನ ಗಲಾಟೆ ಮಾಡಿದ ಮೇಲೆ ಈ ಸಲ 35,000 ಪೌಂಡಿನವರೆಗೆ ವರಮಾನ ಇರುವವರಿಗೆ ಮತ್ತೆ ಕೊಡುತ್ತಿದ್ದಾರೆ. ಮೊನ್ನೆ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ಕೋಟು ಗೂಟದಲ್ಲಿತ್ತು.

ಆಗ ನೆನಪಾದದ್ದು ನಿನ್ನ ಕನ್ನಡಕ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆ ಹುಡುಗಿಯನ್ನು ಕರೆಯುತ್ತಿದ್ದೆಯಲ್ಲ? ಅಪ್ಪಯ್ಯನನ್ನು ಕೇಳಿದರೆ "ಅಡಿಕೆ ಮಾರಿದ ಮೇಲೆ ನೋಡುವಾ". ಮಾರಿದ ಮೇಲೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದ ಸಾಲ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನ ಕೂಲಿ, ಎಲೆಚುಕ್ಕೆ ರೋಗಕ್ಕೆ ಔಷಧಿ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬರಲು ಶುರುವಾದಾಗ ನೀನು ಯಾರಿಗೂ ಹೇಳದೆ ಮಾಡಿಸಿಕೊಂಡೆ.

ಅಪ್ಪಯ್ಯ ಹೇಳುವುದೂ ಸುಳ್ಳಲ್ಲ. ಹೋದ ವರ್ಷ ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿಯಾಯ್ತು, ಈ ಏಪ್ರಿಲ್‌ನಲ್ಲಿ ಮತ್ತೆ 2. ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ನೂರಕ್ಕೆ 15 ಏರಿತು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ತಾರೆ ಅಂತ ಅವರ ಸಿಟ್ಟು. ಆದರೆ ಕಿತ್ಕೊಳ್ಳುವ ಕೈ ಹೋದದ್ದು ಅಪ್ಪಯ್ಯನ ಜೇಬಿಗೆ, ಕೊಡುವ ಕೈ ಬಂದದ್ದು ನಿನ್ನ ಹತ್ತಿರ. ಸಿಟ್ಟಿಗೆ ಅದೂ ಒಂದು ಕಾರಣ ಇರಬಹುದು, ಅಲ್ವಾ?

ಹಾಗಂತ ಎಲ್ಲ ಸರಿಯಿದೆ ಅಂತಲೂ ಅಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ನಿಜ, ನಮ್ಮ ರಸ್ತೆಗೆ ಸರ್ಕಾರಿ ಬಸ್ಸು ಬಂದರೆ ತಾನೇ! ತೀರ್ಥಹಳ್ಳಿವರೆಗೆ ನೀನು ಪ್ರೈವೇಟ್ ಬಸ್ಸಿಗೆ ದುಡ್ಡು ಕೊಟ್ಟೇ ಹೋಗಬೇಕು. ಗೃಹಲಕ್ಷ್ಮಿ ಕಂತಂತೂ ಯಾವ ತಿಂಗಳು ಬರುತ್ತೆ ಅಂತ ಹೇಳೋ ಹಾಗಿಲ್ಲ. ಸಂಘದ ಸಾಲದ ಕಂತು ಮಾತ್ರ ವಾರ ತಪ್ಪದೆ ಕಟ್ಟಬೇಕು.

ಇನ್ನೊಂದು ಮಾತು. ನಾನು ಇಷ್ಟು ವರ್ಷ ಕಳಿಸಿದ್ದೆಲ್ಲ ಅಪ್ಪಯ್ಯನ ಖಾತೆಗೆ. ನೀನು ಬ್ಲೌಸ್ ಪೀಸಿಗೂ ಅವರನ್ನೇ ಕೇಳಬೇಕಿತ್ತು. ನನಗೆ ಹೊಳೆದೇ ಇರಲಿಲ್ಲ. ನಿನ್ನ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸು, ನಂಬರ್ ಸರಿಯಾಗಿ ಕಾಣಲಿ. ಅಪ್ಪಯ್ಯನಿಗೆ ನಾನೇ ಹೇಳ್ತೀನಿ. ಸರ್ಕಾರದ್ದು ಬಂದಾಗ ಬರಲಿ, ಅದನ್ನು ಬಿಡಬೇಡ.

ಅಡಿಕೆ ಕೊನೆ ಕೊಯ್ಲು ಶುರುವಾಯ್ತಾ? ಸುಲಿಯೋಕೆ ಜನ ಸಿಕ್ಕಿದರಾ?

ಇಂತಿ,
ನಿನ್ನ ಮಗ